ಹರಳುಗಲ್ಲಿನ ಏರು

ಜಾರಿತು, ಕಾಲ ಕೆಳಗ ಒಂದಲ್ಲ ನಾಲ್ಕೈದು ಹರಳು, ಗೋಲಿ ಹಂಗ ದುಂಡನ್ನವು — ಬಲಗಾಲಿಗೆ ಗೊತ್ತಾತು, ಎಡಗಾಲಿಗೆ ಗೊತ್ತಾಗೂದಿಲ್ಲ, ಎಡಗಾಲು ಮೊಣಕಾಲಿನ ಕೆಳಗ ನಂದಲ್ಲ, ಕೃತಕ ಕಾಲು, ಅದಕ್ಕ ಹರಳೂ ಒಂದ, ಹಾಸಿಗೀನೂ ಒಂದ, ನಾನ ಕಣ್ಣಿಲೆ ನೋಡಿ ಅದಕ್ಕ ಹೇಳಬೇಕು, ಇಲ್ಲೆ ಬ್ಯಾಡ, ಆ ಚಪ್ಪಟಿ ಜಾಗಾದಾಗ ಇಡು, ಹಾಂ, ಸೊಂಟ ಎತ್ತು ಬಾಳಪ್ಪ, ಮುಂದ. ಮುಂದ ನನ್ನ ಮಗಳು ಸಾಕ್ಷಿಯ ಹಸಿರು ಟೊಪ್ಪಿಗಿ, ಅದರ ಮುಂದ ಆಕಿ ಸಾಲಿ ಗೆಳತ್ಯಾರು, ಎಲ್ಲಾರಕಿಂತ ಮುಂದ ಅವರ ಭೂಗೋಳದ ಮಾಸ್ತರ ಆಗಸ್ಟಿನ್, ಮಂಗಳೂರ ಕಡೆಯಾಂವ, ನಡಕೋತನ ಪಾಠ ಹೇಳತಾನ, ನೋಡಿ ಮಕ್ಕಳೇ, ಇದು ಜಾಲ್ ಅಲ್ ಜೋರ್, ಅರಬ್ಬರ ಈ ಕೊಲ್ಲಿ ದಂಡೆಯ ಗುಡ್ಡಸಾಲು, ಈ ಕಲ್ಲೆಲ್ಲ ಇಲ್ಲಿಯದ್ದಲ್ಲ, ಲಕ್ಷಾಂತರ ವರ್ಷದ ಹಿಂದೆ ಪಶ್ಚಿಮದ ಬೆಟ್ಟಗಳಿಂದ ದೊಡ್ಡ ನದಿ ಹರಿಯುತ್ತಿತ್ತು, ಹಿಮಯುಗದ ಮಳೆಗಾಲದಲ್ಲಿ ಪ್ರವಾಹ ಬಂದು ಇಷ್ಟನ್ನೂ ಉರುಳಿಸಿಕೊಂಡು ಬಂದದ್ದು — ಈ ಮರಳುಗಾಡಿನಾಗ ಹೊಳಿ, ಹೊಳಿ ಹೋತು, ಕಲ್ಲು ಉಳದಾವು, ಉಳದ ಕಲ್ಲು ನನ್ನ ಬೀಳಸಾಕ ನೋಡತಾವು, ನೋಡಲಿ. ಜನವರಿ ಬಿಸಲು, ಗಾಳಿ ತಂಪೈತಿ, ಆದರ ಕೃತಕ ಕಾಲಿನೊಳಗಿನ ಸಿಲಿಕೋನ್ ಚೀಲದಾಗ ಮೊಂಡುಗಾಲು ಬೇಯಾಕ ಹತ್ತೈತಿ. ಪಾಲಕರೂ ಬರಬಹುದು ಅಂತ ಸಾಲಿಯಿಂದ ಮೆಸೇಜ್ ಬಂದಾಗ ನಾ ಹೊಕ್ಕೀನಿ ಅಂದೆ, ಹೆಂಡತಿ ಶೈಲಾ ರೊಟ್ಟಿ ಬಡಿಯೂದು ನಿಲ್ಲಿಸಿದಳು, ರೀ, ಲಿಫ್ಟ್ ಕೆಟ್ಟ ದಿನ ನಮ್ಮ ಮನಿ ಮೆಟ್ಟಲಾ ಏರೂದ್ರಾಗ ಎರಡು ಕಡೆ ಕುಂಡ್ರತೀರಿ, ಗುಡ್ಡ ಏರತೀರೇನು? ಏರತೀನಿ. ಯಾಕ ಈ ಹಟ? ಆಕಿಗೆ ಹೆಂಗ ಹೇಳೂದು, ನಾವಿರೂ ರುಮೈಥಿಯಾದ ಅಂಗಡಿ ಬೀದಿಯಾಗ ಸಾಕ್ಷಿ ನನ್ನ ಬಾಜೂಕ ನಡಿಯುವಾಗ ಹೆಜ್ಜಿ ಸಣ್ಣ ಮಾಡತಾಳ, ಓಡಿ ಬಸ್ ಹಿಡಿಯೂ ಹುಡುಗಿ, ನನ್ನ ಸಂಗಾಟ ಮುದುಕನ ಸಂಗಾಟ ನಡದಂಗ ನಡೀತಾಳ, ಫೋನ್ ನೋಡಿದಂಗ ಮಾಡತಾಳ, ಅದು ನನಗ ಸಹಿಸಾಕ ಆಗೂದಿಲ್ಲ ಶೈಲಾ, ನೋವು ತಡೀತೀನಿ, ಆ ಸಣ್ಣ ಹೆಜ್ಜಿ ತಡಿಯೂದಿಲ್ಲ.

ಎತ್ತು, ಇಡು, ಈಗ ಏರು ಕಡದಾತು, ಮಣ್ಣು ಸಡಲ, ಶುಐಬಾದ ಕಾರ್ಖಾನಿಯಾಗ ಕಾಲು ಹೋದ ಆ ದಿನ ಹಿಂಗ ಬಿಸಲಿತ್ತು, ಮ್ಯಾಲಿಂದ ಪೈಪ್ ಜಾರಿ ಬಂದದ್ದು ನಾ ನೋಡಲೇ ಇಲ್ಲ, ಜೋಡಿ ಕೆಲಸ ಮಾಡತಿದ್ದ ಸವಾದ್ ಬಾಳಪ್ಪ ಭಾಯೀ ಅಂತ ಒದರಿದ್ದಷ್ಟ ಕೇಳಿತು, ಆಮ್ಯಾಲೆ ಆಸ್ಪತ್ರಿಯ ಬಿಳಿ ದೀಪ, ಚಾದರ ಒಂದು ಕಡೆ ಉಬ್ಬಿ ಒಂದು ಕಡೆ ಚಪ್ಪಟಿ — ಬ್ಯಾಡ, ಅದು ಬ್ಯಾಡ, ಕಲ್ಲು ನೋಡು. ನೋಡಿದರೂ ಬಿದ್ದೆ. ಕೃತಕ ಕಾಲು ಒಳಗ ತಿರುಗಿಬಿಟ್ಟಿತು, ಬೆವರು ತುಂಬಿ ಚೀಲ ಜಾರತೈತಿ, ಬೂಟಿನ ಮೂತಿ ಒಳಗ ಹೊಳ್ಳೇತಿ, ಅಂಗೈ ತರಚಿ ಉರಿ. ಆಗಸ್ಟಿನ್ ಇಳದು ಬಂದ, ಬಾಳಪ್ಪಣ್ಣ, ಸಾಕು ಮಾರಾಯ್ರೆ, ನೀವು ಇಲ್ಲೇ ಕೂತ್ಕೊಳ್ಳಿ, ಬರುವಾಗ ಕರ್ಕೊಂಡು ಹೋಗ್ತೇವೆ. ಒಳ್ಳೆ ಮನಶ್ಯಾ, ಕೆಟ್ಟದ್ದೇನೂ ಅನ್ನಲಿಲ್ಲ, ಆದರ ಕರ್ಕೊಂಡು ಹೋಗ್ತೇವೆ, ಬ್ಯಾಗ್ ಹಂಗ, ನೀರಿನ ಬಾಟಲಿ ಹಂಗ. ಇಲ್ಲ ಸರ್, ಐದು ಮಿನಿಟ್ ಕೊಡ್ರಿ, ಏರತೀನಿ. ಏರಬೇಕಂದರ ಒಂದ ದಾರಿ, ಕಾಲು ಬಿಚ್ಚಿ ಒರಸಿ ಮತ್ತ ಹಾಕ್ಕೋಬೇಕು, ಇಲ್ಲೆ, ಇಷ್ಟು ಮಂದಿ ಮುಂದ, ಸಾಕ್ಷಿ ಮುಂದ — ಮನಿಯಾಗ ಕೋಣಿ ಬಾಗಲಾ ಹಾಕ್ಕೊಂಡ ಬಿಚ್ಚತೀನಿ, ಆಕಿ ಒಂದ ದಿನಾನೂ ನೋಡಿಲ್ಲ, ನೋಡಿದರ ಕನಸಿನಾಗ ಬಂದೀತು ಆಕಿಗೆ. ಕುಂಡ್ರಲೋ, ಬಿಚ್ಚಲೋ. ಕುಂತರ ಇನ್ನ ಮ್ಯಾಲೆ ಕಾಯಂ ಕುಂತಂಗ. ಪ್ಯಾಂಟ್ ಮಡಚಿದೆ, ಕಾಲಿನ ಕೀಲಿ ಬಿಡಿಸೂ ಗುಂಡಿ ಒತ್ತಿದೆ, ಎಳದೆ, ಕಾಲು ಬಂತು, ಬಾಜೂಕ ಇಟ್ಟೆ, ಬೂಟು ಸಹಿತ ಒಂಟಿ ನಿಂತಿತು, ಮೊಂಡುಗಾಲಿನ ಚೀಲಾನೂ ಸುಲದೆ, ಗೆಳತಿಯೊಬ್ಬಾಕಿ ಮಾರಿ ತಿರವಿದಳು, ಹಸಿರು ಟೊಪ್ಪಿಗಿ ಮಾತ್ರ ಕೆಳಗ ಇಳದು ಬಂತು, ಬಾಳ ಬಿರುಸಿಲೆ. ಸಾಕ್ಷಿ, ನೀ ಮ್ಯಾಲೆ ನಡಿ ಅಂದೆ. ನೋ, ಅಂದಳು. ಮೊಣಕಾಲೂರಿ ಕುಂತಳು, ನೋಡಿದಳು, ಹೊಲಗಿ ಹಾಕಿದ ಆ ಮೊಂಡ ತುದಿಯನ್ನ ನೆಟ್ಟಗ ನೋಡಿದಳು, ಗಿವ್ ಮಿ ದಟ್ ಅಪ್ಪಾ ಅಂತ ನನ್ನ ಕೈಯಾಗಿನ ಚೀಲ ಕಸಗೊಂಡು ಡಬ್ಬ ಹಾಕಿದಳು, ಬೆವರು ಸುರೀತು, ಕಲ್ಲಿನ ಮ್ಯಾಲೆ, ಆಕಿ ತನ್ನ ಸ್ಕಾರ್ಫ್ ಬಿಚ್ಚಿ ಒಳಗ ಕೈ ಹಾಕಿ ಒರಸಿದಳು, ಆಮ್ಯಾಲೆ ಮೊಂಡುಗಾಲು, ಹಗೂರಕ, ಡಸ್ ಇಟ್ ಹರ್ಟ್? ನೋವಿಲ್ಲವ್ವಾ, ತುರಸತೈತಿ, ಇಲ್ಲದ ಬೆರಳು ತುರಸತೈತಿ. ವಿಚ್ ಒನ್? ಕಿರಿಬೆರಳು. ನಕ್ಕಳು, ನಾನೂ ನಕ್ಕೆ, ಎರಡು ವರ್ಷದಾಗ ಈ ಕಾಲಿನ ಮಾತಿಗೆ ಮನಿಯಾಗ ಯಾರೂ ನಕ್ಕಿದ್ದಿಲ್ಲ.

ಚೀಲ ಏರಿಸಿದೆ, ಕಾಲು ತೂರಿಸಿ ಎದ್ದು ಭಾರ ಬಿಟ್ಟೆ, ಟಕ್ ಟಕ್ ಅಂತ ಕೀಲಿ ಕೂಡಿತು, ಆಕಿ ಕೈ ಚಾಚಲಿಲ್ಲ, ಬಾಜೂಕ ನಿಲ್ಲಲಿಲ್ಲ, ಯಲ್ಲಾ ಅಪ್ಪಾ, ಕಮಾನ್ ಅಂತ ಹಿಂದ ನೋಡದ ಏರಿದಳು, ದೊಡ್ಡ ಹೆಜ್ಜಿ, ತನ್ನ ಹೆಜ್ಜಿ, ನಾ ಹಿಂದ ಬಿದ್ದೆ, ಹಿಂದನ ಬೀಳಲಿ, ಎತ್ತು, ಇಡು, ಉಸರು ಸಾಲದು, ಎತ್ತು, ಕೈ ಊರಿ ಏರು, ಊರಿದರ ಏನಾತು, ನಾಲ್ಕು ಕಾಲಿಲೆ ಏರು, ಎತ್ತು — ಗಾಳಿ ಮಾರಿಗೆ ಬಡೀತು, ಇನ್ನ ಏರೂ ಜಾಗಾ ಇಲ್ಲ, ಇದ ಗುಡ್ಡದ ನೆತ್ತಿ. ಶೈಲಾಗ ಫೋನ್ ಮಾಡಬೇಕು, ಆಮ್ಯಾಲೆ. ಆಗಸ್ಟಿನ್ ಬೆನ್ನು ತಟ್ಟತಾನ, ಎಲ್ಲಾರೂ ಕೊಲ್ಲಿ ನೋಡತಾರ, ನೀರಿನ ಆಚೆ ಮಬ್ಬಿನಾಗ ಸಿಟಿಯ ಗೋಪುರಗಳು, ನಾನೂ ನೋಡತೀನಿ, ಚಂದ ಐತಿ, ಆದರ ಕಣ್ಣ ಮುಂದ ಅದಿಲ್ಲ, ಆಕಿ ಡಬ್ಬ ಹಾಕಿದ ಚೀಲ, ಸುರದ ಬೆವರು, ಅದರ ಕೆಳಗ ಧೂಳ ಬಣ್ಣದ ಒಂದು ಹರಳು, ನೀರು ತಾಗಿದ್ದ ತಡ ಕೆಂಪಾತು, ಒಳಗ ಕರಿ ಚುಕ್ಕಿ, ಬಿಳಿ ಗೆರಿ, ಯಾವ ಗುಡ್ಡದ್ದೋ ಏನೋ — ಹಸಿ ಹಸಿ, ಕೆಂಪನ್ನ ಹರಳು, ಅದರ ಬಾಜೂಕ ಆಕಿ ಮೊಣಕಾಲು — ಕೆಂಪನ್ನ ಹರಳು —