ಮೊದಲು ಹಿಂಡಿದ ನೀರು

ಚರ್ಚಿನ ಪೂಜೆಯ ಕೊನೆಗೆ ಫಾದರ್ ದ್ರಾಕ್ಷಾರಸದ ಪಾತ್ರೆ ಒರೆಸಿದ ಬಿಳಿ ಬಟ್ಟೆಗಳನ್ನು ಇಸ್ತ್ರಿ ಅಕ್ಕ ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಿದ್ದಳು. ಅವಕ್ಕೆ ತಗುಲಿದ ದ್ರಾಕ್ಷಾರಸ ಕ್ಯಾಥೊಲಿಕರಿಗೆ ಬರೀ ದ್ರಾಕ್ಷಾರಸವಲ್ಲ, ಕ್ರಿಸ್ತನ ರಕ್ತ. ಅದಕ್ಕೇ ಮೊದಲು ಹಿಂಡಿದ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಯಾರೂ ತುಳಿಯದ ಮಣ್ಣಿಗೆ ಸುರಿಯಬೇಕು. ಅಕ್ಕ ಅದನ್ನು ಮಗಳ ಗೋರಿಗೆ ಸುರಿಯುತ್ತಿದ್ದಳು.

ಮಗಳು ಸತ್ತದ್ದು ಗಾರ್ಮೆಂಟ್ಸ್ ಬೆಂಕಿಯಲ್ಲಿ. ಹುಡುಗಿಯರು ಕೆಲಸದ ನಡುವೆ ಎದ್ದು ಹೋಗಬಾರದೆಂದು ಮಾಲೀಕ ಹೊರಗಿನಿಂದ ಬೀಗ ಹಾಕಿಸಿದ್ದ. ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದ ಹುಡುಗಿ ಪಾಪನಿವೇದನೆಯಿಲ್ಲದೆ ಹೋದಳು. ಅಂಥ ಆತ್ಮ ಶುದ್ಧೀಕರಣದ ಬೆಂಕಿ ದಾಟಬೇಕಾದೀತು, ಬದುಕಿರುವವರ ಪ್ರಾರ್ಥನೆ, ಸೇವೆ ಆ ಹಾದಿಯನ್ನು ಹಗುರ ಮಾಡುತ್ತದೆ ಎಂದಿದ್ದರು ಫಾದರ್. ಅಕ್ಕನ ಎದೆಗೆ ಇಳಿದದ್ದು ಬೆಂಕಿ ಎನ್ನುವ ಮಾತೊಂದೇ. ಬೆಂಕಿಗೆ ನೀರು ಬೇಕಲ್ಲ!

ಅಕ್ಕನ ತಮ್ಮ ಬಸ್ ಡ್ರೈವರ್. ಮದುವೆಯಾದ ಮೇಲೆ ಹೆಂಡತಿಯ ಪ್ರೊಟೆಸ್ಟೆಂಟ್ ಸಭೆ ಸೇರಿದ್ದ.

"ಏನಕ್ಕಾ, ಫಾದರ್ ಮನೆ ಬಿಟ್ಟಿ ಚಾಕರಿ ಇನ್ನೂ ಮುಗೀಲಿಲ್ವಾ?"

"ನಿಂಗ್ಯಾಕೋ ಹೊಟ್ಟೆಯುರಿ? ನಿಮ್ಮ ಪಾಸ್ಟರ್ ಕೋಟೂ ತಂದ್ಕೊಡು, ಒಗೀತೀನಿ. ಕೊಳೆ ಯಾವ ಸಭೆಗೂ ಸೇರಿದ್ದಲ್ಲ."

ಅವತ್ತು ತಮ್ಮ ಬಕೆಟ್ಟನ್ನು ತಾನೇ ಹೊತ್ತು ಸ್ಮಶಾನಕ್ಕೆ ಬಂದ. ಅಕ್ಕ ಗೋರಿಯ ತಲೆಯಿಂದ ಕಾಲಿನವರೆಗೆ, ಕೂಸಿಗೆ ಎರೆಯುವ ಹಾಗೆ, ನೀರೆರೆದಳು.

"ಅಕ್ಕಾ, ಸತ್ತೋರಿಗೆ ಅಂಥ ಬೆಂಕಿ ಯಾವುದೂ ಇಲ್ಲ. ರಕ್ಷಣೆ ದೇವರ ಕೃಪೆ, ಪುಕ್ಕಟೆ ಕೊಡ್ತಾನೆ. ಬೆನ್ನು ಮುರ್ಕೊಂಡು ಸಂಪಾದಿಸೋದಲ್ಲ. ನಂಬಿದ್ರೆ ಸಾಕು. ಈ ಹೊರೆ ಇಳಿಸಿಬಿಡು."

"ಅವಳು ನಂಬಿದ್ಲಾ?"

ತಮ್ಮ ಗೋರಿಯ ಮೇಲಿನ ಒಣ ಎಲೆ ಹೆಕ್ಕತೊಡಗಿದ.

"ಹೇಳೋ. ನಂಬಿರ್ಲಿಲ್ಲ ಅಂದ್ರೆ?"

"ಅದು ದೇವರಿಗೆ ಬಿಟ್ಟದ್ದು. ಸತ್ತ ಮೇಲೆ ನಾವೇನೂ ಮಾಡೋಕಾಗಲ್ಲ ಅಕ್ಕಾ."

ಹೊರೆ ಇಳಿಸಲು ಬಂದವನು ಕೈಯನ್ನೇ ಕಡಿದಿದ್ದ.

ಅಕ್ಕ ಖಾಲಿ ಬಕೆಟ್ ಹಿಡಿದೇ ಫಾದರ್ ಕೋಣೆಗೆ ನುಗ್ಗಿದಳು. ತಮ್ಮ ಹಿಂದೆಯೇ ಓಡಿದ.

"ನನ್ನ ನೀರು ಅವಳಿಗೆ ಮುಟ್ಟುತ್ತೆ ಅಂತ ಇವನಿಗೆ ಹೇಳಿ ಫಾದರ್."

ಫಾದರ್ ಕನ್ನಡಕ ತೆಗೆದರು. "ಗೋರಿಗೆ ಸುರೀತಿದ್ರಾ? ಅಮ್ಮಾ, ಇದು ಮೂಢನಂಬಿಕೆ. ನಿಮ್ಮ ಪ್ರಾರ್ಥನೆ ಮುಟ್ಟುತ್ತೆ, ನೀರಲ್ಲ."

"ಪ್ರಾರ್ಥನೇನೂ ಮುಟ್ಟಲ್ಲ," ಎಂದ ತಮ್ಮ.

"ಹಾಗಾದ್ರೆ ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ವೇನಪ್ಪಾ?"

"ಬೆಲೆಯೆಲ್ಲ ಕ್ರಿಸ್ತನೇ ತೆತ್ತಾಗಿದೆ ಫಾದರ್."

ಜಗಳ ಹತ್ತಿಕೊಂಡಿತು. ಕೃಪೆ, ಕ್ರಿಯೆ, ನಂಬಿಕೆ, ಪುಣ್ಯ. ಇಬ್ಬರೂ ಒಳ್ಳೆಯವರೇ. ಶತಮಾನಗಳ ಕಾಲ ಬಡಿದಾಡಿದ ಎರಡು ಸಭೆಗಳು ಆ ಕೋಣೆಯಲ್ಲಿ ಒಂದೇ ಒಂದು ಮಾತಿಗೆ ಒಪ್ಪಿದ್ದವು: ತಾಯಿಯ ನೀರು ಮಗಳಿಗೆ ಮುಟ್ಟುವುದಿಲ್ಲ. ಬೀಗ ಹಾಕಿಸಿದವನು ಪ್ರತಿ ಭಾನುವಾರ ಇದೇ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅವನ ಆತ್ಮದ ಗತಿಯೇನೆಂದು ಕೇಳಲು ಇಬ್ಬರಿಗೂ ತೋಚಲಿಲ್ಲ.

"ಒಂದ್ಸಲ ಸುಟ್ಟಿದ್ದು ಸಾಲದಾ?" ಎಂದಳು ಅಕ್ಕ.

ಫಾದರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, "ನೀವು ದಣಿದಿದ್ದೀರಿ ಅಮ್ಮಾ. ಇನ್ಮೇಲೆ ಈ ಬಟ್ಟೆ ಸಿಸ್ಟರ್‌ಗಳೇ ಒಗೀಲಿ," ಎಂದರು. ದಯೆಯಿಂದಲೇ ಅಂದರು.

ಬೀದಿಗೆ ಬಂದಾಗ ತಮ್ಮ ಬಕೆಟ್ಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಬೆಂಕಿ ಬಿದ್ದ ದಿನ ಅವಳು ಪೂರ್ತಿ ಸತ್ತಿರ್ಲಿಲ್ಲ ಕಣೋ. ಅವಳಿಗೆ ಅಂತ ಮಾಡೋಕೆ ನಂಗೊಂದು ಕೆಲಸ ಇತ್ತು. ಇವತ್ತು ಸತ್ಲು."

"ಅಕ್ಕಾ, ನಾನು ನಿನ್ನ ಒಳ್ಳೇದಕ್ಕೇ..."

"ಗೊತ್ತು. ಅವರೂ ಅಷ್ಟೆ."

ಸ್ಮಶಾನದ ಗೇಟು ಬಂತು. ತಮ್ಮ ನಿಂತ. ಅಕ್ಕ ನಿಲ್ಲಲಿಲ್ಲ, ಗೋರಿಯ ಕಡೆ ತಿರುಗಿಯೂ ನೋಡದೆ ಮುಂದೆ ನಡೆದಳು.