ಕ್ರೇನ್ ಭಾವನ ನಾಮಪತ್ರ

ಕಬ್ಬಿಣದ ತಗಡು ಕತ್ತರಿಸುವ ಆ ಶೆಡ್ಡಿನಲ್ಲಿ ಕ್ರೇನ್ ಓಡಿಸುವವನನ್ನು ಎಲ್ಲರೂ ಭಾವ ಅನ್ನುತ್ತಿದ್ದರು. ಅಸಲಿಗೆ ಅವನು ಭಾವನಾಗಿದ್ದದ್ದು ಒಬ್ಬನಿಗೇ, ಕೆಳಗೆ ನಿಂತು ಸರಪಳಿ ಸುತ್ತಿ ಕೊಕ್ಕೆಗೆ ಭಾರ ಸಿಕ್ಕಿಸುವವನಿಗೆ. ಇವನ ಹೆಂಡತಿಯ ಅಣ್ಣ ಅವನು. ಇವನು ದಿನವೆಲ್ಲ ತಲೆಯೆತ್ತಿ "ಭಾವಾ" ಎಂದು ಕೂಗುವುದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಬಂತು. ಒಮ್ಮೆ ಮ್ಯಾನೇಜರೇ ಮರೆತು ಹಾಗೆ ಕರೆದು ನಾಲಗೆ ಕಚ್ಚಿಕೊಂಡಿದ್ದರು.

ಭಾರ ಕಟ್ಟುವವನಿಗೂ ಒಂದು ಅಡ್ಡಹೆಸರಿತ್ತು, ಸೀಟಿ. ಮೊದಲೆಲ್ಲ ಅವನು ಕೈಸನ್ನೆಯಲ್ಲೇ ಕ್ರೇನ್ ನಡೆಸುತ್ತಿದ್ದ. ಈಚೆಗೆ ಕೊರಳಿಗೆ ಸೀಟಿ ಕಟ್ಟಿಕೊಂಡು ಬರತೊಡಗಿದ್ದ. ಒಮ್ಮೆ ಊದಿದರೆ ಎತ್ತು, ಎರಡು ಸಲ ಊದಿದರೆ ಇಳಿಸು, ಉದ್ದಕ್ಕೆ ಎಳೆದರೆ ನಿಲ್ಲಿಸು. ಏನಯ್ಯಾ ಇದು ಹೊಸ ಶೋಕಿ ಎಂದು ಕೇಳಿದವರಿಗೆ "ಭುಜ ನೋವು, ಕೈ ಎತ್ತೋಕಾಗಲ್ಲ" ಅನ್ನುತ್ತಿದ್ದ.

ಅವನ ಭುಜಕ್ಕೆ ಏನೂ ಆಗಿರಲಿಲ್ಲ. ಮೇಲೆ ಕ್ರೇನಿನ ಗಾಜಿನ ಗೂಡಿನಲ್ಲಿದ್ದ ಭಾವನಿಗೆ ಕೆಳಗಿನ ಕೈ ಕಾಣುತ್ತಿರಲಿಲ್ಲ.

ನೋಟದ ನಡುವೆ ಹೊಗೆ ಕೂತ ಹಾಗೆ ಮಸುಕು, ಸುತ್ತಲಿನದು ಮಾತ್ರ ಅಷ್ಟಿಷ್ಟು ಕಾಣುತ್ತದೆ ಎಂದು ಭಾವ ಹೇಳಿದ್ದ. ಬೇಸಿಗೆಯಲ್ಲಿ ಎರಡು ತಿಂಗಳು ರಜೆ ಹಾಕಿ ದೂರದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದ. ಅದರಿಂದ ಏನೂ ಹಸನಾಗಲಿಲ್ಲ. ಶೆಡ್ಡಿನಲ್ಲಿ ಮಾತ್ರ ಮನೆಯ ಛಾವಣಿ ರಿಪೇರಿಗೆ ಹೋಗಿದ್ದೆ ಎಂದಿದ್ದ. ಕಣ್ಣಿನ ವಿಷಯ ಗೊತ್ತಾದರೆ ಕ್ರೇನಿನಿಂದ ಇಳಿಸಿ ನೇರ ಮನೆಗೆ ಕಳಿಸುತ್ತಾರೆ. ಮೈಯಲ್ಲಿ ಸರಿಯಿಲ್ಲದವನಿಗೆ ಕೆಳಗಿನ ಹಗುರ ಕೆಲಸ ಕೊಡುವ ಪದ್ಧತಿಯೇ ಅಲ್ಲಿರಲಿಲ್ಲ.

ಹೀಗಿರುವಾಗ ಯೂನಿಯನ್ ಚುನಾವಣೆ ಬಂತು. ಕಾರ್ಯದರ್ಶಿಯಾದವನು ಅವಧಿ ಮುಗಿಯುವವರೆಗೆ ಯಂತ್ರ ಮುಟ್ಟಬೇಕಾಗಿಲ್ಲ, ಆಫೀಸಿನಲ್ಲಿ ಕೂತು ಯೂನಿಯನ್ ಕೆಲಸ ನೋಡಿಕೊಂಡರಾಯಿತು. ಭಾವ ನಾಮಪತ್ರ ಹಾಕಿದ. ಅವನ ಮೇಲೆ ಎಲ್ಲರಿಗೂ ವಿಶ್ವಾಸ. ನಿಂತರೆ ಗೆದ್ದ ಹಾಗೇ ಎಂದು ಶೆಡ್ಡೆಲ್ಲ ಮಾತಾಡಿಕೊಂಡಿತು. ಸೀಟಿಗೆ ಎಷ್ಟೋ ದಿನದ ಮೇಲೆ ಕಣ್ಣ ತುಂಬ ನಿದ್ದೆ ಹತ್ತಿತು. ಭಾವ ಇಳಿದರೆ ಸಾಕು, ಕೆಳಗಿರುವವರ ತಲೆ ಉಳಿಯಿತು.

ಎದುರಾಳಿಯಾಗಿದ್ದ ಫಿಟ್ಟರ್ ತಕರಾರು ಎತ್ತಿದ. ಅವನು ಕೆಟ್ಟವನಲ್ಲ, ನಿಯಮದ ಮನುಷ್ಯ. ಅಭ್ಯರ್ಥಿಯಾದವನು ಹಿಂದಿನ ಒಂದು ವರ್ಷ ಬಿಡುವಿಲ್ಲದೆ ತನ್ನ ಕಸುಬಿನಲ್ಲಿ ಇದ್ದಿರಬೇಕು. ಕಾಯಿಲೆಯ ರಜೆಯಾದರೆ ಮಾತ್ರ ಅದನ್ನು ಕೆಲಸವೆಂದೇ ಎಣಿಸುತ್ತಾರೆ. "ಭಾವ ಎರಡು ತಿಂಗಳು ಛಾವಣಿ ಕಟ್ತಾ ಇದ್ದ. ನನಗೆ ಅವನ ಮೇಲೆ ಹಗೆಯಿಲ್ಲ, ಆದರೆ ನಿಯಮ ನಿಯಮವೇ" ಎಂದ.

ಇದನ್ನು ತೀರ್ಮಾನಿಸಬೇಕಾದ ಚುನಾವಣಾ ಸಮಿತಿಯಲ್ಲಿದ್ದವರು ಮೂವರು: ಕ್ಯಾಂಟೀನಿನ ಅಕ್ಕ, ಗೋದಾಮಿನ ಗುಮಾಸ್ತ ಮತ್ತು ಸೀಟಿ. ನೆಂಟನ ವಿಷಯವಾದ್ದರಿಂದ ಸೀಟಿ ತೀರ್ಪಿಗೆ ಕೂರುವಂತಿರಲಿಲ್ಲ. ಸಾಕ್ಷಿ ಹೇಳಬಹುದಿತ್ತು ಅಷ್ಟೆ.

ವಿಚಾರಣೆಯ ಹಿಂದಿನ ಸಂಜೆ ಭಾವ ಸೀಟಿಯ ಮನೆಗೆ ಬಂದ. ತಂಗಿ ಕೊಟ್ಟ ಲೋಟವನ್ನು ಗಾಳಿಯಲ್ಲಿ ಒಂದಿಷ್ಟು ತಡಕಿ ಹಿಡಿದುಕೊಂಡ.

"ಕಾಮಾಲೆ ಆಗಿತ್ತು ಅಂದುಬಿಡು" ಎಂದ. "ಅಂಟುರೋಗ ಅಂತ ನಾಚಿಕೆಗೆ ಯಾರಿಗೂ ಹೇಳಲಿಲ್ಲ ಅನ್ನು. ನಾನೂ ಅದನ್ನೇ ಅಂತೀನಿ."

"ಕಣ್ಣಿಂದೇ ಹೇಳಿಬಿಡೋಣ ಭಾವ. ಅದೂ ಕಾಯಿಲೆಯೇ ತಾನೇ?"

"ಆ ಗುಮಾಸ್ತ ಸೂಪರ್‌ವೈಸರ್ ಜೊತೆ ಊಟಕ್ಕೆ ಕೂರೋನು. ಚಹಾ ಹೊತ್ತಿಗೆ ಮ್ಯಾನೇಜರ್ ಕಿವಿಗೆ ಬಿದ್ದಿರುತ್ತೆ. ಕಸುಬೇ ಹೋದಮೇಲೆ ಯಾವ ಅಭ್ಯರ್ಥಿ, ಯಾವ ಯೂನಿಯನ್?"

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. "ಒಂದು ಮಾತಲ್ವೇನ್ರೀ? ನಮ್ಮಣ್ಣ ನಿಮ್ಮ ಹತ್ತಿರ ಯಾವತ್ತಾದರೂ ಏನಾದರೂ ಕೇಳಿದಾನಾ?" ಎಂದಳು. ಸೀಟಿ ಹೂಂ ಎಂದ.

ಮರುದಿನ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಈರುಳ್ಳಿ ಮೂಟೆಗಳ ಪಕ್ಕದಲ್ಲಿ ಬೆಂಚು ಹಾಕಿ ಕೂತರು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದಳು. ಶೆಡ್ಡಿನ ಜಗಳಗಳೆಲ್ಲ ಕೊನೆಗೆ ಅವಳ ಹತ್ತಿರವೇ ಬರುತ್ತಿದ್ದವು. ಅವಳು ಒಂದು ಮಾತು ಹೇಳಿದರೆ ಎರಡನೆಯದಿಲ್ಲ.

ಭಾವ ಹೇಳಬೇಕಾದದ್ದನ್ನು ಹೇಳಿ ಹೊರಗೆ ಹೋದ. ಅಕ್ಕ ಸೀಟಿಯ ಕಡೆ ತಿರುಗಿದಳು.

"ತಮ್ಮಾ, ನೀನು ಹೇಳಿದರೆ ನಂಬ್ತೀನಿ. ಬೇರೆ ಕಾಗದ ಪತ್ರ ನನಗೆ ಬೇಡ. ಅವನಿಗೆ ಏನಾಗಿತ್ತು?"

"ಕಾಮಾಲೆ ಅಕ್ಕಾ."

ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು: "ಆಗ ಭಾವ ಕಾಣ್ತಾ ಇಲ್ಲವಲ್ಲ ಅಂತ ನಾನೇ ಕೇಳಿದ್ದೆ. ನೀನು ಈ ಕಿಟಕಿ ಹತ್ತಿರ ನಿಂತು, ಛಾವಣಿ ರಿಪೇರಿ, ಹೆಂಚು ಸಿಗ್ತಿಲ್ಲ, ಕೆಲಸದವರು ಕೈಕೊಟ್ಟರು ಅಂತ ಅಷ್ಟುದ್ದ ಹೇಳಿದೆ. ಹೆಂಚಿಗೆ ನಾನೇ ಒಂದು ಅಂಗಡಿ ತೋರಿಸಿದೆ. ಆವತ್ತಿನದು ಸುಳ್ಳೋ, ಇವತ್ತಿನದು ಸುಳ್ಳೋ?"

ಆ ಹೆಂಚಿನ ಮಾತು ಸೀಟಿಗೆ ಮರೆತೇ ಹೋಗಿತ್ತು. ಗುಮಾಸ್ತ ಕಾಲಮೇಲೆ ಕಾಲು ಹಾಕಿಕೊಂಡು ಅವನನ್ನೇ ನೋಡುತ್ತಿದ್ದ. ಕಣ್ಣಿನ ವಿಷಯ ತುಟಿಯವರೆಗೆ ಬಂತು. ಗುಮಾಸ್ತನ ಮುಖ ಕಂಡು ಹಿಂದಕ್ಕೆ ಹೋಯಿತು.

"ಏನಾದರೂ ಹೇಳು ತಮ್ಮಾ" ಎಂದಳು ಅಕ್ಕ. ಅವನು ಹೇಳಲಿಲ್ಲ.

ನಾಮಪತ್ರ ತಿರಸ್ಕೃತವಾಯಿತು. ತೀರ್ಪು ಹೇಳುವಾಗ ಅಕ್ಕ ಸೀಟಿಯ ಮುಖ ನೋಡಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಭಾವ ಅವನ ತೋಳು ಹಿಡಿದು ನಡೆದ. "ಹೋಗಲಿ ಬಿಡು. ಹೇಗೋ ಎಳೆಯೋಣ. ನೀನಿದ್ದೀಯಲ್ಲ ಕೆಳಗೆ" ಎಂದ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು. ಎಲ್ಲಿಯವರೆಗೆ ಎಳೆಯುವುದು? ಸೀಟಿಗೆ ಯಾವ ಕಡೆಗೂ ದಾರಿ ಕಾಣಲಿಲ್ಲ.

ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಕತ್ತರಿ ಯಂತ್ರಗಳೆಲ್ಲ ಒಟ್ಟಿಗೇ ಓಡುತ್ತಿದ್ದವು. ತಗಡಿನ ಕಟ್ಟೊಂದು ಗಾಳಿಯಲ್ಲಿ ತೂಗುತ್ತ ಸಾಗಿತ್ತು. ಚೂರು ಆಯುವ ಹೆಂಗಸರಿಬ್ಬರು ಬುಟ್ಟಿ ಇಟ್ಟುಕೊಂಡು ಅದರ ದಾರಿಯಲ್ಲೇ ಬಗ್ಗಿ ಕೂತಿದ್ದರು. ಸೀಟಿ ಉದ್ದಕ್ಕೆ ಊದಿದ. ಕಟ್ಟು ನಿಲ್ಲಲಿಲ್ಲ. ಮತ್ತೆ ಊದಿದ. ಆ ಗದ್ದಲದಲ್ಲಿ ಅವನಿಗೇ ತನ್ನ ಸದ್ದು ಕೇಳಲಿಲ್ಲ. ಓಡಿಹೋಗಿ ಇಬ್ಬರನ್ನೂ ರಟ್ಟೆ ಹಿಡಿದು ಎಳೆದ. ಒಬ್ಬಳು ಮುಗ್ಗರಿಸಿ ಬಿದ್ದು "ಏನಯ್ಯಾ, ಮೈಮೇಲೆ ಬರ್ತೀಯಾ" ಎಂದು ಬೈಯುತ್ತಿದ್ದ ಹಾಗೇ ಕಟ್ಟು ಅವರ ಬುಟ್ಟಿಯನ್ನು ಅಪ್ಪಚ್ಚಿ ಮಾಡಿ ಮುಂದೆ ಹೋಯಿತು.

ಮುಂದಿನ ಭಾರ ಕಟ್ಟಲು ಸೀಟಿ ಒಪ್ಪಲಿಲ್ಲ. ಸರಪಳಿಯ ಮೇಲೆ ಕಾಲಿಟ್ಟು ನಿಂತುಬಿಟ್ಟ.

ಸೂಪರ್‌ವೈಸರ್ ಬಂದ. "ಭಾವನ ನಾಮಪತ್ರ ಹೋಯ್ತು ಅಂತ ಮುಖ ಊದಿಸ್ಕೊಂಡಿದೀಯಾ? ಆ ರಾಗ ಯೂನಿಯನ್ ಆಫೀಸಿನಲ್ಲಿ ತೆಗಿ, ಇಲ್ಲಲ್ಲ."

"ಇವತ್ತು ಕ್ರೇನ್ ನಿಲ್ಲಿಸಿ ಸಾರ್."

"ಯಾಕೆ?"

ಸೀಟಿ ಸರಪಳಿಯಿಂದ ಕಾಲು ತೆಗೆಯಲಿಲ್ಲ. ಸೂಪರ್‌ವೈಸರ್ ಅವನನ್ನು ಪಕ್ಕಕ್ಕೆ ಸರಿಸಿ ಬಣ್ಣದ ವಿಭಾಗದವನೊಬ್ಬನನ್ನು ಕರೆದ. ಅವನು ಪಾಪ, ಹಳೆಯ ಕೈ, ಕೆಲಸ ಗೊತ್ತಿದ್ದವನು. ಸರಪಳಿ ಬಿಗಿದು, ನಡುಮಧ್ಯೆ ನಿಂತು, ಅಚ್ಚುಕಟ್ಟಾಗಿ ಕೈ ಎತ್ತಿ ಸನ್ನೆ ಮಾಡಿದ. ಮೇಲೆ ಭಾವ ಗಾಜಿಗೆ ಮುಖ ಒತ್ತಿ ಕೆಳಗೆ ಹುಡುಕುತ್ತಿದ್ದ. ಕೊಕ್ಕೆ ಅಲುಗಿತು.

"ಅವನಿಗೆ ಕಣ್ಣು ಕಾಣಲ್ಲ" ಎಂದ ಸೀಟಿ.

ಯಾರಿಗೂ ಕೇಳಿಸಲಿಲ್ಲ. ಅವನು ಹೋಗಿ ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಿದ. ಶೆಡ್ಡಿಗೆ ಶೆಡ್ಡೇ ತಣ್ಣಗಾಯಿತು. ಆ ಮೌನದಲ್ಲಿ ಇನ್ನೊಮ್ಮೆ ಹೇಳಿದ: "ಭಾವನಿಗೆ ಕಣ್ಣು ಕಾಣಲ್ಲ. ತುಂಬಾ ದಿನ ಆಯ್ತು. ನನಗೆ ಗೊತ್ತಿತ್ತು."

ಭಾವ ಏಣಿಯಿಂದ ಇಳಿಯುವುದನ್ನು ಎಲ್ಲರೂ ನಿಂತು ನೋಡಿದರು. ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡಕಿ ಇಳಿಯುತ್ತಿದ್ದ. ದಿನಾ ಹಾಗೇ ಇಳಿಯುತ್ತಿದ್ದನೇನೋ, ಅವತ್ತು ಮಾತ್ರ ಎಲ್ಲರಿಗೂ ಅದು ಕಂಡಿತು.

ಮಧ್ಯಾಹ್ನದೊಳಗೆ ಡಾಕ್ಟರ ಪರೀಕ್ಷೆ ಮುಗಿದು ಭಾವನ ಕೆಲಸ ಹೋಯಿತು. ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಸೀಟಿಯನ್ನು ವಿಚಾರಣೆ ಮುಗಿಯುವವರೆಗೆ ಹೊರಗಿಟ್ಟರು. ಹೆಂಡತಿ ಒಂದೇ ಮಾತು ಹೇಳಿದಳು: "ನಮ್ಮಣ್ಣನ ಅನ್ನಕ್ಕೆ ಕಲ್ಲು ಹಾಕಿದ್ರಿ." ಆಮೇಲೆ ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು, ಮಾತಿಲ್ಲ.

ಫಿಟ್ಟರ್ ಅವಿರೋಧವಾಗಿ ಕಾರ್ಯದರ್ಶಿಯಾದ. ಅವನ ಮೊದಲ ಅರ್ಜಿ ಭಾವನಿಗೆ ಕೆಳಗಿನ ಕೆಲಸ ಕೊಡಿ ಎಂಬುದೇ. ಅದಕ್ಕೆ ಮ್ಯಾನೇಜರ ಉತ್ತರ ಬರಲಿಲ್ಲ.

ಒಂದು ಸಂಜೆ ಕ್ಯಾಂಟೀನಿನ ಅಕ್ಕ ಸೀಟಿಯ ಮನೆಗೆ ಬಂದಳು. ಕೂರಲಿಲ್ಲ.

"ಆವತ್ತು ಕಣ್ಣು ಅಂದಿದ್ದರೆ ಮುಗಿದುಹೋಗ್ತಿತ್ತಲ್ಲ ತಮ್ಮಾ. ಕಾಯಿಲೆ ಅಂದರೆ ಕಾಯಿಲೆಯೇ. ಅವನು ನಿಲ್ಲಬಹುದು ಅಂತ ಅಲ್ಲೇ ಹೇಳಿಬಿಡ್ತಿದ್ದೆ."

"ಗುಮಾಸ್ತ ಇದ್ದನಲ್ಲ ಅಕ್ಕಾ."

"ಗುಮಾಸ್ತನನ್ನ ಹೊರಗೆ ಕಳಿಸು ಅಂತ ನನಗೊಂದು ಮಾತು ಹೇಳಿದ್ದರೆ? ಉಪ್ಪು ತಾ ಅಂತ ಅಟ್ಟುತ್ತಿದ್ದೆ. ಇಬ್ಬರೇ ಇದ್ದಾಗ ನೀನು ಹೇಳಿದ್ದು ನನ್ನ ಹೊಟ್ಟೇಲೇ ಇರ್ತಿತ್ತು." ಅವಳು ಬಾಗಿಲ ಕಡೆ ತಿರುಗಿದಳು. "ನಾನು ಕೇಳಿದೆನಲ್ಲ ನಿನ್ನನ್ನ. ಎರಡು ಸಲ ಕೇಳಿದೆ."

ಅವಳು ಹೋದಮೇಲೆ ಸೀಟಿ ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ಆಚೆಗಿದ್ದ ಭಾವನ ಮನೆಗೆ ಹೋಗಿ, ಅಕ್ಕ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಇದನ್ನು ಅವನಿಂದ ಮುಚ್ಚಿಟ್ಟು ಬದುಕುವುದು ತನ್ನಿಂದಾಗದು ಅನ್ನಿಸಿತ್ತು.

ಭಾವ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡ. "ಕಾಮಾಲೆ ಅನ್ನು ಅಂದವನು ನಾನು" ಎಂದ. ಆಮೇಲೆ, "ಆ ಹೆಂಗಸರು ಎಲ್ಲಿದ್ದರು? ಬಲಗಡೆಯಾ?" ಎಂದು ಕೇಳಿದ.

"ಎದುರಿಗೇ ಇದ್ದರು ಭಾವ."

ಭಾವ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಸೀಟಿ ಪಕ್ಕದಲ್ಲಿ ಕೂತ. ಬೀದಿಯಲ್ಲಿ ಕೆಲಸ ಮುಗಿಸಿದವರು ಗುಂಪುಗುಂಪಾಗಿ ಹೋಗುತ್ತಿದ್ದರು. ಕೆಲವರು "ಏನ್ ಭಾವ" ಎಂದು ಮಾತಾಡಿಸಿದರು. ಕೆಲವರು ಸೀಟಿಯನ್ನು ಕಂಡು ಸುಮ್ಮನೆ ಮುಂದೆ ಹೋದರು. ಮಾತಾಡಿಸಿದವರು ಯಾರೆಂದು ಭಾವ ಕೇಳುತ್ತಿದ್ದ, ಸೀಟಿ ಹೇಳುತ್ತಿದ್ದ.