ಮೆಟ್ಟಿಲ ಮೇಲಿನ ಬಲಗಾಲು

ಬೋರಣ್ಣನವರ ಬಲಗಾಲು ಬಸ್ಸಿನ ಮೆಟ್ಟಿಲ ಮೇಲೂ ಎಡಗಾಲು ಬನಶಂಕರಿಯ ನೆಲದ ಮೇಲೂ ಊರಿರುವಷ್ಟು ಹೊತ್ತು ಉತ್ತರಹಳ್ಳಿಯ ಬಸ್ಸು ಅಲುಗಾಡುವಂತಿರಲಿಲ್ಲ. ತಾನೇ ಮುಚ್ಚಿಕೊಳ್ಳುವ ಆ ಬಾಗಿಲು ಅವರ ಮೊಣಕಾಲಿನವರೆಗೆ ಬಂದು, ಹಿರಿಯರಿಗೆ ಅಪಚಾರವಾಯಿತೆಂಬಂತೆ ಹಿಂದಕ್ಕೆ ಸರಿಯುತ್ತಿತ್ತು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಒಳಗೆ ಕೂತ ನಾವು ಗಡಿಯಾರ ನೋಡುತ್ತಿದ್ದೆವು. ಬೋರಣ್ಣನವರು ಮಾತ್ರ ಕತ್ತೆತ್ತಿ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನೇ, ಕೆರೆಯ ತೂಬು ಎತ್ತಿ ಕಾಲುವೆಗೆ ನೀರು ಬರುವುದನ್ನು ಕಾಯುವ ರೈತನ ತಾಳ್ಮೆಯಿಂದ ನೋಡುತ್ತಿದ್ದರು. ರೈಲು ಬಂದು, ಜನ ದಡದಡನೆ ಇಳಿದು, ಓಡಲಾರದ ಕೊನೆಯ ಹೆಂಗಸೂ ಏದುಸಿರು ಬಿಡುತ್ತ ಹತ್ತಿದ ಮೇಲೆಯೇ ಆ ಎಡಗಾಲು ನೆಲ ಬಿಡುತ್ತಿತ್ತು.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆಯ ಅಂಗಡಿ, ಮನೆ ಚಿಕ್ಕಲಸಂದ್ರದಲ್ಲಿ. ಸಂಜೆಯ ದಾರಿ ಇಬ್ಬರಿಗೂ ಒಂದೇ ಆದ್ದರಿಂದ ಈ ಮನುಷ್ಯನನ್ನು ನೋಡುವ ಭಾಗ್ಯ ನನಗೆ ಬೇಡವೆಂದರೂ ದೊರಕಿತು. ಬಿಳಿ ಪಂಚೆ, ಅದರ ಮೇಲೆ ಕಡುಬೇಸಿಗೆಯಲ್ಲೂ ಬಿಚ್ಚದ ಕಂದು ಬಣ್ಣದ ಉಣ್ಣೆ ಕೋಟು, ಕಾಲಿಗೆ ಮಗ ತಂದುಕೊಟ್ಟ, ಕತ್ತಲಲ್ಲೂ ಹೊಳೆಯುವ ಹಸಿರು ಓಟದ ಬೂಟು. ನಡಿಗೆ ಮಾತ್ರ ಆ ಬೂಟಿನದಲ್ಲ. ಎಷ್ಟೇ ವಿಶಾಲವಾದ ಮೊಸಾಯಿಕ್ ನೆಲವಿರಲಿ, ಒಂದು ಹೆಜ್ಜೆಯ ಮುಂದೆ ನೇರ ಇನ್ನೊಂದು ಹೆಜ್ಜೆ. ಗದ್ದೆಯ ಬದುವಿನ ಮೇಲೆ ನಡೆದು ಪಳಗಿದ ಪಾದಗಳು ಅಕ್ಕಪಕ್ಕದಲ್ಲಿ ಕೆಸರಿಲ್ಲವೆಂಬುದನ್ನು ಇನ್ನೂ ನಂಬಿರಲಿಲ್ಲ. ರೈಲಿನೊಳಗೆ "ಮುಂದಿನ ನಿಲ್ದಾಣ ಬನಶಂಕರಿ" ಎಂದು ಅಗೋಚರ ಹೆಣ್ಣುದನಿ ನುಡಿದರೆ, "ಗೊತ್ತು ಕಣವ್ವ" ಎಂದು ದಿನವೂ ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಕೇಳಿದವರಿಗೆ ಉತ್ತರಿಸದಿರುವುದು ಅವರ ಊರಿನ ಪದ್ಧತಿಯಲ್ಲ.

ಅವರ ಊರೆಂದರೆ ಹಳೆಯ ಉತ್ತರಹಳ್ಳಿ. ಹೊಲಗಳೆಲ್ಲ ಈಗ ಬಾಡಿಗೆ ಮನೆಗಳಾಗಿವೆ. ಒಂದು ಕಾಲದಲ್ಲಿ ಸೊಪ್ಪು ಬೆಳೆದು ಬಸ್ಸಿನ ನೆತ್ತಿಯ ಮೇಲೆ ಹೇರಿ ಜಯನಗರಕ್ಕೆ ಒಯ್ದು ಮಾರಿದ ಈ ಮಹಾಶಯರು, ಈಗ ಬಸ್ಸು ಹತ್ತಿ, ರೈಲು ಹತ್ತಿ, ಅದೇ ಜಯನಗರಕ್ಕೆ ಹೋಗಿ ಒಂದು ಕಟ್ಟು ದಂಟಿನ ಸೊಪ್ಪನ್ನು ಕೊಂಡು ತರುತ್ತಿದ್ದರು. ನನ್ನಂಥ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅಧರ್ಮವಿಲ್ಲ.

"ಉತ್ತರಳ್ಳೀಲಿ ಸೊಪ್ಪು ಸಿಗಲ್ವಾ ಬೋರಣ್ಣೋರೇ?" ಎಂದು ಒಮ್ಮೆ ಕೆಣಕಿದೆ.

"ಸೊಪ್ಪು ಸಿಗ್ತದೆ ಶೆಟ್ರೇ. ದಾರಿ ಸಿಗಲ್ವಲ್ಲ."

ಆ ದಾರಿಯ ಕೀಲಿಕೈ ಅವರ ಕೋಟಿನ ಒಳಜೇಬಿನಲ್ಲಿತ್ತು: ಬಸ್ಸಿಗೂ ಮೆಟ್ರೊಗೂ ನಡೆಯುವ ಒಂದೇ ಪಾಸು. ಮನೆಗಳು ಮಕ್ಕಳ ಹೆಸರಿನಲ್ಲಿ, ಕಾರುಗಳು ಸೊಸೆಯರ ಹೆಸರಿನಲ್ಲಿ. ಫೋಟೊ ಸಮೇತ ತಮ್ಮ ಹೆಸರಿನಲ್ಲಿ ಉಳಿದಿರುವ ಸ್ಥಿರಾಸ್ತಿ ಇದೊಂದೇ ಎಂದು ಅವರೇ ನಗುತ್ತಿದ್ದರು. ಮಗ ಶಶಿಧರನಿಗೆ ಅಪ್ಪನ ಈ ತಿರುಗಾಟ ಸುತರಾಂ ಇಷ್ಟವಿರಲಿಲ್ಲ. "ಪಾಸ್ ಮುಗೀಲಿ, ಆಮೇಲೆ ಮನೇಲೇ ಇರ್ತೀರಂತೆ" ಎಂದು ಅವನು ಕಾದಿದ್ದ. ಪಾಸು ಹೋದರೆ ಗೇಟಿನಾಚೆಗಿನ ಲೋಕವೂ ಹೋಯಿತೆಂಬುದು ಬೋರಣ್ಣನವರಿಗೆ ಚೆನ್ನಾಗಿ ತಿಳಿದಿತ್ತು.

ಇಷ್ಟಾದರೂ ಕಾಲು ಮೆಟ್ಟಿಲು ಬಿಡಲಿಲ್ಲ. ಅವರ ತರ್ಕ ಸರಳವಾಗಿತ್ತು. ನಿಲ್ದಾಣದ ಕಂಟ್ರೋಲರ್ ದೇವರಾಜ್, ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಹೊಣೆ ಹೊತ್ತ ಪ್ರಾಮಾಣಿಕ, ಒಂದು ದಿನ ಬೆವರು ಒರೆಸಿಕೊಳ್ಳುತ್ತ ಕೇಳಿಯೇಬಿಟ್ಟ: "ಯಾವ್ ರೂಲ್ಸಲ್ಲಿದೆ ಗೌಡ್ರೇ, ರೈಲು ಬರೋವರ್ಗೂ ಬಸ್ಸು ಕಾಯ್ಬೇಕು ಅಂತ?"

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡಪ್ಪ," ಎಂದರು ಬೋರಣ್ಣನವರು. ಬೇಜಾರಾಗುವ ಮಾತೇ ಬರಲಿದೆ ಎಂಬುದಕ್ಕೆ ಅದು ಮುನ್ಸೂಚನೆ. "ಎರಡಕ್ಕೂ ಒಂದೇ ಪಾಸು ಕೊಟ್ಟೋರು ನೀವೇ ತಾನೆ? ಪಾಸು ಒಂದಾದ್ಮೇಲೆ ಪ್ರಯಾಣಾನೂ ಒಂದೇ. ಅರ್ಧ ಜನ ರೈಲಲ್ಲಿರುವಾಗ ಬಸ್ಸು ಹೊರಟ್ರೆ, ಎತ್ತು ಬಿಟ್ಟು ನೊಗ ಹೊರಟಂಗಾಯ್ತು."

"ಬಸ್ ಹತ್ತೋ ಹೆಂಗಸ್ರಿಗೆ ಟಿಕೆಟ್ಟೇ ಇಲ್ಲ, ಫ್ರೀ. ಅವ್ರಿಗೂ ಕಾಯ್ಬೇಕಾ?"

"ಟಿಕೆಟ್ ಫ್ರೀ ಅಂದ್ರೆ ಮರ್ಯಾದೇನೂ ಫ್ರೀಯಾಗ್ ಬಿಟ್ಬಿಡೋದಾ?"

ಬಸ್ಸಿನೊಳಗೆಲ್ಲ ನಗು. ದೇವರಾಜ್ ನಗಲಿಲ್ಲ. "ಇನ್ನೊಂದ್ ಸಲ ಕಾಲಿಟ್ಟು ಬಸ್ ನಿಲ್ಸಿದ್ರೆ ಪಾಸ್ ಬ್ಲಾಕ್ ಮಾಡಿಸ್ತೀನಿ. ಮಗನ ನಂಬರೂ ಇದೆ ನನ್ನತ್ರ," ಎಂದ. ಬೋರಣ್ಣನವರು ಒಳಜೇಬನ್ನು ಮೆಲ್ಲನೆ ಮುಟ್ಟಿಕೊಂಡದ್ದನ್ನು ನಾನು ಕಂಡೆ.

ಈ ಹಟದ ಬೇರು ಎಲ್ಲಿದೆಯೆಂದು ಅವರೇ ಒಮ್ಮೆ ಹೇಳಿದ್ದರು. ಹಿಂದೆ ಉತ್ತರಹಳ್ಳಿಗೆ ಬರುತ್ತಿದ್ದುದು ಒಂದೇ ಬಸ್ಸು; ಅದರ ಕಂಡಕ್ಟರು ಗಂಗಾಧರಯ್ಯ. ಹತ್ತುವವರ ಮುಖ ಎಣಿಸಿ, ಬಾರದವರ ಮನೆಯತ್ತ ನೋಡಿ ಸೀಟಿ ಊದುವುದು ಅವನ ಕ್ರಮ. ಒಮ್ಮೆ ಮಾರಮ್ಮನೆಂಬಾಕೆ ಕೋಳಿಗಳನ್ನು ಗೂಡಿಗೆ ಸೇರಿಸದೆ ಹೊರಡಲಾರೆನೆಂದಾಗ, ಬಸ್ಸು ನಿಂತಿತಷ್ಟೇ ಅಲ್ಲ, ಒಳಗೆ ಕೂತಿದ್ದವರೇ ಇಳಿದು ಕೋಳಿ ಹಿಡಿಯಲು ಓಡಿದರಂತೆ. "ಡ್ರೈವರ್ರೇ ಹುಂಜ ಹಿಡ್ದಿದ್ದು ಶೆಟ್ರೇ!" ಎನ್ನುವಾಗ ಅವರ ಕಣ್ಣಿನ ಪೊರೆಯ ಹಿಂದೆ ಆ ಹುಂಜ ಇನ್ನೂ ರೆಕ್ಕೆ ಬಡಿಯುತ್ತಿತ್ತು. ಗಂಗಾಧರಯ್ಯ ತೋರಿದ್ದು ದಾಕ್ಷಿಣ್ಯ; ಬೋರಣ್ಣನವರು ಅದನ್ನು ಕಾಯಿದೆಯೆಂದೇ ಎಣಿಸಿ ಇಷ್ಟು ವರ್ಷ ಬದುಕಿಬಿಟ್ಟಿದ್ದರು.

ಎಚ್ಚರಿಕೆ ಬಿದ್ದ ಮರುವಾರ, ಸಂಜೆಯ ಹೊತ್ತಿಗೆ ಆಕಾಶ ಬಿರಿದಂತೆ ಮಳೆ ಹೊಯ್ದಿತು. ನಾವಿಬ್ಬರೂ ಮೊದಲ ರೈಲಿಗೇ ಬಂದಿದ್ದೆವು. ನಮ್ಮ ನಂತರ ಬರಬೇಕಿದ್ದ ರೈಲು ಮಳೆಗೆ ನಿಧಾನವಾಗಿತ್ತು. ಬಸ್ಸು ತುಂಬಿತು. ಬಲಗಾಲು ಮೆಟ್ಟಿಲ ಮೇಲೆ, ಎಡಗಾಲು ನೀರಿನಲ್ಲಿ. ದೇವರಾಜ್ ಕೊಡೆ ಹಿಡಿದು ಮೊಬೈಲ್ ಎತ್ತಿಕೊಂಡೇ ಬಂದ.

"ತಾತ, ನಿಮ್ ಕಾಲು ಬಿಟ್ಟೂ ಹೋಗೋಕಾಗಲ್ಲ, ತಗೊಂಡೂ ಹೋಗೋಕಾಗಲ್ಲ. ಯಾವುದಾದ್ರೂ ಒಂದ್ ಕಡೆ ಇಡಿ," ಎಂದು ಡ್ರೈವರು ಗೋಗರೆದ.

"ಬರ್ತಾರೆ ತಡಿಯಪ್ಪ. ಮಳೇಲಿ ನೆಂದು ಬರ್ತಾರೆ, ಬಸ್ಸಿಲ್ಲ ಅಂದ್ರೆ ಎಲ್ಲಿಗ್ ಹೋಗ್ತಾರೆ?"

ಆಗ ಮುಂದಿನ ಸೀಟಿನಿಂದ ಲತಾಮಣಿ ಎದ್ದಳು. ಲ್ಯಾಬೊಂದರಲ್ಲಿ ಕೆಲಸ ಮಾಡುವ ಹುಡುಗಿ. ಹಿಂದಿನ ವಾರ ಇದೇ ಮೆಟ್ಟಿಲುಗಳನ್ನು ಓಡಿ ಇಳಿದಾಗ ಬಸ್ಸು ಅವಳಿಗೆ ಸಿಕ್ಕಿದ್ದು ಈ ಕಾಲಿನ ದಯೆಯಿಂದಲೇ. "ಅಂಕಲ್, ಹೋದ್ವಾರ ನಂಗೋಸ್ಕರ ನಿಲ್ಸಿದ್ರಿ, ಇಲ್ಲ ಅನ್ನಲ್ಲ. ಇವತ್ತು ನಂಗೋಸ್ಕರ ಬಿಟ್ಬಿಡಿ. ಮಗು ಪ್ಲೇಹೋಮಲ್ಲಿ ಒಂದೇ ಉಳ್ಕೊಂಡಿದೆ. ಗುಡುಗು ಅಂದ್ರೆ ಅದಕ್ಕೆ ಪ್ರಾಣಭಯ."

ಪಾಸು ಹೋಗುವ ಬೆದರಿಕೆಗೆ ಜಗ್ಗದ ಬಲಗಾಲು, ನಿಧಾನವಾಗಿ, ನೆಲಕ್ಕೆ ಇಳಿಯಿತು.

"ಬುದ್ಧಿ ಬಂತಾ ಗೌಡ್ರೇ?" ಎಂದ ದೇವರಾಜ್.

"ಬುದ್ಧಿ ಅಲ್ಲ ಕಣಪ್ಪ. ಮಗು."

"ಸರಿ, ಹತ್ತಿ ಮತ್ತೆ."

ಬೋರಣ್ಣನವರು ಹತ್ತಲಿಲ್ಲ. "ಹೊರಡ್ಲಿ," ಎಂದು ಬಸ್ಸಿನ ಬೆನ್ನಿಗೆ, ಎತ್ತಿಗೆ ತಟ್ಟುವಂತೆ, ಎರಡು ಬಾರಿ ತಟ್ಟಿದರು. ಬಾಗಿಲು ಮುಚ್ಚಿತು. ನಾನು ಬೆಚ್ಚಗೆ ಕೂತೇ ಇದ್ದೆ. ಸೀಟು ಸಿಕ್ಕಿದವನು ಏಳುವುದು ವ್ಯಾಪಾರಧರ್ಮವಲ್ಲ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಗಾಜಿನಲ್ಲಿ ಕಂಡದ್ದಿಷ್ಟು: ರೈಲು ಬಂತು, ಜನ ಮೆಟ್ಟಿಲಿಳಿದು ಬಸ್ಸು ಹೋದ ದಿಕ್ಕಿಗೆ ಕೈಚಾಚಿ ನಿಂತರು, ಅವರ ನಡುವೆ ಒದ್ದೆ ಕೋಟಿನ ಮುದುಕರೊಬ್ಬರು ಏನನ್ನೋ ವಿವರಿಸುತ್ತಿದ್ದರು.

ಮಾರನೆಯ ದಿನ ಕೇಳಿದೆ. "ಬಸ್ಸು ಕಾಯ್ಲಿಲ್ಲ, ನಾನಾದ್ರೂ ಕಾಯ್ದೆ ಶೆಟ್ರೇ. ಕಾಯೋನು ಒಬ್ಬ ಇದ್ರೆ ಸಾಕು, ಬಸ್ಸು ತಪ್ಪಿದ ಬೇಜಾರು ಅರ್ಧ ಆಯ್ತದೆ. ಆ ದೇವರಾಜೂ ಬಂದು ನಿಂತ. ಇನ್ನೊಂದು ಬಸ್ಸು ಬೇಗ ಬಿಡಿಸ್ದ. ಪಾಸಿನ ಮಾತೇ ಎತ್ಲಿಲ್ಲ."

ಈಗ ಅವರು ಬಸ್ಸಿಗೆ ಕಾಲಡ್ಡ ಇಡುವುದಿಲ್ಲ. ಮೆಟ್ರೊ ಮೆಟ್ಟಿಲ ಬುಡದಲ್ಲಿ ನಿಂತು, "ಉತ್ತರಳ್ಳಿ ಹೊರಡ್ತದೆ, ಬಿರ್ರನೆ ಬನ್ರವ್ವಾ!" ಎಂದು ಕೂಗುತ್ತಾರೆ. ದೇವರಾಜ್ ಒಮ್ಮೊಮ್ಮೆ ಗಡಿಯಾರದತ್ತ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಾನೆ.

ಇಷ್ಟು ದಿನ ಅವರೊಡನೆ ಓಡಾಡಿದರೂ, ಆ ಮನುಷ್ಯ ಪ್ರಯಾಣಿಕನ ಹಕ್ಕೆಂದು ತನಗಾಗಿ ಏನನ್ನೂ ಕೇಳಿದ್ದು ನಾನು ಕಾಣೆ. ಹಿರಿಯರ ಸೀಟಿನಲ್ಲಿ ಹುಡುಗರು ಕೂತಿದ್ದರೂ "ಕೂತ್ಕೊಳ್ಳಲಿ ಬಿಡಿ" ಎಂದು ಕಂಬ ಹಿಡಿದೇ ಬರುತ್ತಿದ್ದರು. ನಗರ ನುಂಗಿದ ಹಳ್ಳಿಗಳಿಂದ ಬಂದ ಈ ಪೀಳಿಗೆಯವರು ಲೆಕ್ಕದಲ್ಲಿ ಮೊದಲಿನಿಂದಲೂ ದಡ್ಡರು. ತಮಗಾಗಿ ಕೇಳಬೇಕಾದುದನ್ನು ದಾಕ್ಷಿಣ್ಯವೆಂದು ಕರೆದು ಸುಮ್ಮನಿರುತ್ತಾರೆ; ಅದನ್ನೇ ಪರರಿಗಾಗಿ ಕೇಳುವಾಗ ಹಕ್ಕೆಂದು ಕರೆದು ಜಗಳಕ್ಕೆ ನಿಲ್ಲುತ್ತಾರೆ.